ಓರ್ಕಾ ನೋಡಬೇಕೆ? ದೂರ ನಿಲ್ಲಿ

ಬೇಸಿಗೆ ರಜೆಗೆ ಸಿಯಾಟಲ್ ಕಡೆ ಬರಲು ಹೊರಟ ನೆಂಟರಿಷ್ಟರು ಫೋನಿನಲ್ಲಿ ತಪ್ಪದೆ ಕೇಳುವ ಮಾತು: "ಓರ್ಕಾ ಎಷ್ಟು ಹತ್ತಿರ ಬರುತ್ತೆ? ಫೋಟೋ ಚೆನ್ನಾಗಿ ಸಿಗುತ್ತಾ?" ಸ್ಯಾನ್ ವಾನ್ ದ್ವೀಪಗಳ ಸುತ್ತಲಿನ ಸೇಲಿಶ್ ಸಮುದ್ರದಲ್ಲಿ ಹಲವು ಬೇಸಿಗೆ ಓಡಾಡಿದ ಮೇಲೆ ನಾನು ಅವರಿಗೆ ಹೇಳುವುದಿಷ್ಟು: ಎಷ್ಟು ಹತ್ತಿರ ಎಂಬ ಲೆಕ್ಕ ಬಿಡಿ. ಎದುರಿಗಿರುವುದು ಯಾವ ಕುಟುಂಬ, ಅದು ಏನು ಮಾಡುತ್ತಿದೆ ಎಂಬುದನ್ನು ತಿಳಿದು ನೋಡಿ. ಆಗ ಅರ್ಧ ಕಿಲೋಮೀಟರ್ ದೂರದ ಒಂದು ಕಪ್ಪು ರೆಕ್ಕೆಯೂ ಮನಸ್ಸು ತುಂಬುತ್ತದೆ.

ಮೊದಲು ಪ್ರಯಾಣದ ಮಾತು. ಅನಾಕೋರ್ಟಿಸ್, ಫ್ರೈಡೇ ಹಾರ್ಬರ್‌ನಂಥ ಬಂದರುಗಳಿಂದ ಹೊರಡುವ ದೋಣಿಗಳು ಮೂರರಿಂದ ಐದು ತಾಸು ನೀರಿನ ಮೇಲಿರುತ್ತವೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಒಳಗೆ ಕೂರಲು ಜಾಗ, ಶೌಚಾಲಯ ಇರುವ ದೊಡ್ಡ ದೋಣಿಯೇ ಸರಿ. ಜುಲೈ ತಿಂಗಳಲ್ಲೂ ಅಲ್ಲಿನ ಗಾಳಿ ಕೊರೆಯುತ್ತದೆ. ಸ್ವೆಟರು, ಕಿವಿ ಮುಚ್ಚುವ ಟೋಪಿ ಇಲ್ಲದೆ ಹೋಗಬೇಡಿ. ವಾಂತಿ ಬರುವ ಸ್ವಭಾವದವರು ಮಾತ್ರೆಯನ್ನು ಹೊರಡುವ ಮುಂಚೆಯೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಹೊಟ್ಟೆ ಬಿರಿಯೆ ತಿನ್ನುವುದೂ ಬೇಡ, ಖಾಲಿ ಹೊಟ್ಟೆಯೂ ಬೇಡ. ಕ್ಯಾಮೆರಾಕ್ಕಿಂತ ಒಂದು ಒಳ್ಳೆಯ ಬೈನಾಕ್ಯುಲರ್ ಮುಖ್ಯ. ಏಳೆಂಟು ಪಟ್ಟು ದೊಡ್ಡದು ಮಾಡಿ ತೋರಿಸುವುದಾದರೆ ಸಾಕು. ಅದಕ್ಕಿಂತ ಹೆಚ್ಚಾದರೆ ದೋಣಿ ಕುಲುಕಿದಾಗ ಏನೂ ಕಾಣದು.

ಈ ನೀರಿನಲ್ಲಿ ಸಾಮಾನ್ಯವಾಗಿ ಕಾಣುವ ಓರ್ಕಾಗಳಲ್ಲಿ ಎರಡು ಬಗೆ. ನೋಡಲು ಹೆಚ್ಚುಕಡಿಮೆ ಒಂದೇ ಥರ, ಬಾಳ್ವೆ ಮಾತ್ರ ಬೇರೆ ಬೇರೆ. 'ಸದರ್ನ್ ರೆಸಿಡೆಂಟ್' ಎನ್ನುವವು ಮೀನು ತಿಂದೇ ಬದುಕುವವು, ಅದರಲ್ಲೂ ಚಿನೂಕ್ ಸಾಮನ್. ಜೆ, ಕೆ, ಎಲ್ ಎಂಬ ಮೂರು ಬಳಗಗಳು ಸೇರಿ ಇವುಗಳ ಸಂಖ್ಯೆ 75ರ ಆಸುಪಾಸು. 'ಬಿಗ್ಸ್' ಓರ್ಕಾಗಳು ಮೀನನ್ನು ಮುಟ್ಟುವುದಿಲ್ಲ. ಸೀಲ್, ಕಡಲ ಸಿಂಹ, ಪಾರ್ಪಾಯ್ಸ್‌ಗಳೇ ಅವುಗಳ ಆಹಾರ. ಒಂದೇ ನೀರಿನಲ್ಲಿ ಈಜಿದರೂ ಎರಡು ಬಗೆಯವೂ ಬೆರೆಯುವುದಿಲ್ಲ, ಸಂಬಂಧ ಬೆಳೆಸುವುದಿಲ್ಲ. ಅಮೆರಿಕದಲ್ಲಿ 1972ರಲ್ಲಿ ಕಡಲ ಸಸ್ತನಿಗಳ ರಕ್ಷಣೆಗೆ ಕಾನೂನು ಬಂದ ಮೇಲೆ ಸೀಲ್‌ಗಳು ಹೆಚ್ಚಿದವು, ಅವುಗಳ ಬೆನ್ನಿಗೇ ಬಿಗ್ಸ್ ಓರ್ಕಾಗಳೂ ಹೆಚ್ಚಿದವು. ಇತ್ತ ಅಣೆಕಟ್ಟುಗಳಿಂದ, ಕೆಟ್ಟ ಹೊಳೆಗಳಿಂದ, ವಿಪರೀತ ಮೀನುಗಾರಿಕೆಯಿಂದ ಸಾಮನ್ ಕರಗಿತು, ಅದನ್ನೇ ನಂಬಿದ ರೆಸಿಡೆಂಟ್‌ಗಳು 2005ರಲ್ಲಿ ಅಲ್ಲಿನ ಅಳಿವಿನಂಚಿನ ಪಟ್ಟಿ ಸೇರಿದವು. ಪಕ್ಕಪಕ್ಕದಲ್ಲೇ ಒಂದು ಕುಲ ಹೊಟ್ಟೆ ತುಂಬ ಉಂಡು ಬೆಳೆಯುತ್ತಿದೆ, ಇನ್ನೊಂದು ಹಸಿದು ಸೊರಗುತ್ತಿದೆ.

ಇಷ್ಟೆಲ್ಲ ತಿಳಿದದ್ದು ಒಂದೊಂದು ಪ್ರಾಣಿಯನ್ನೂ ಬಿಡಿಯಾಗಿ ಗುರುತಿಸಲು ಕಲಿತದ್ದರಿಂದ. ಬೆನ್ನಿನ ರೆಕ್ಕೆಯ ಅಂಚಿನಲ್ಲಿರುವ ಸೀಳು, ಅದರ ಹಿಂದೆ ಬೂದು ಬಣ್ಣದ ಮಚ್ಚೆ, ಇವು ಪ್ರತಿಯೊಂದರಲ್ಲೂ ಬೇರೆ ಎಂಬುದನ್ನು 1970ರ ದಶಕದಲ್ಲಿ ಫೋಟೋಗಳ ಮೂಲಕ ತೋರಿಸಿಕೊಟ್ಟವರಲ್ಲಿ ಮುಖ್ಯರು ಕೆನಡಾದ ವಿಜ್ಞಾನಿ ಮೈಕಲ್ ಬಿಗ್. 'ಬಿಗ್ಸ್' ಓರ್ಕಾಗಳಿಗೆ ಇರುವುದು ಅವರದೇ ಹೆಸರು. ದೋಣಿಯ ಗೈಡ್ ಹಾಳೆ ತಿರುವಿ "ಇದು ಟಿ65ಎ, ಜೊತೆಗಿರುವವು ಅವಳ ಮಕ್ಕಳು" ಎಂದರೆ ಆ ಸಂಖ್ಯೆಯಲ್ಲೇ ವಂಶಾವಳಿ ಇದೆ: ಟಿ65ರ ಮೊದಲ ಮಗು ಟಿ65ಎ, ಅದರ ಮಕ್ಕಳು ಟಿ65ಎ2, ಟಿ65ಎ3 ಹೀಗೆ. ಗಂಡಿನ ರೆಕ್ಕೆ ಆರಡಿಯಷ್ಟು ಎತ್ತರ ನೆಟ್ಟಗೆ ನಿಲ್ಲುತ್ತದೆ, ಹೆಣ್ಣಿನದು ಗಿಡ್ಡ, ಹಿಂದಕ್ಕೆ ಬಾಗಿದ್ದು. ನೋಡಿದವರೆಲ್ಲ ದೊಡ್ಡ ರೆಕ್ಕೆಯನ್ನೇ ಯಜಮಾನ ಎಂದುಕೊಳ್ಳುತ್ತಾರೆ. ಆದರೆ ಮನೆ ನಡೆಸುವವಳು ತಾಯಿ ಅಥವಾ ಅಜ್ಜಿ. ರೆಸಿಡೆಂಟ್‌ಗಳಲ್ಲಂತೂ ಗಂಡುಮಕ್ಕಳು ಬದುಕಿರುವವರೆಗೂ ತಾಯಿಯ ಬಳಗ ಬಿಡುವುದಿಲ್ಲ.

ಉಡುಪಿಯಿಂದ ಬಂದಿದ್ದ ಸೋದರತ್ತೆಯನ್ನು ಕರೆದುಕೊಂಡು ಹೋದ ದಿನ ಬಿಗ್ಸ್ ಕುಟುಂಬವೊಂದು ಬಂಡೆಗಳ ಅಂಚಿನಲ್ಲೇ ಸದ್ದಿಲ್ಲದೆ ಸಾಗುತ್ತಿತ್ತು. ಸೀಲ್‌ಗಳ ಕಿವಿ ಬಲು ಚುರುಕು. ಹಾಗಾಗಿ ಬೇಟೆಯ ಹೊತ್ತಿನಲ್ಲಿ ಇವು ಕೂಗಾಡುವುದಿಲ್ಲ. ನಮ್ಮ ಕ್ಯಾಪ್ಟನ್ ದೂರದಲ್ಲೇ ದೋಣಿ ನಿಲ್ಲಿಸಿದರು. ರೆಕ್ಕೆಗಳೆಲ್ಲ ಒಟ್ಟಿಗೆ ಮುಳುಗಿದವು. ನಿಮಿಷಗಳು ಕಳೆದರೂ ನೀರು ಅಲುಗಲಿಲ್ಲ. ಆಮೇಲೆ ಒಮ್ಮೆಲೇ ನೀರು ಕದಡಿ ಬಾಲವೊಂದು ಮೇಲೆದ್ದು ಬಡಿಯಿತು, ಎಲ್ಲಿದ್ದವೋ ಕಡಲಕ್ಕಿಗಳು ಬಂದು ಮುತ್ತಿಕೊಂಡವು. ಅತ್ತೆ ಮುಖ ತಿರುಗಿಸಿ, "ಅಯ್ಯೋ ಪಾಪ, ಯಾರಾದ್ರೂ ಬಿಡಿಸ್ಬಾರ್ದಾ ಮಾರಾಯ?" ಎಂದರು. ಗೈಡ್ ಬೈನಾಕ್ಯುಲರ್ ಕೊಟ್ಟು ಒಂದು ಕಡೆ ಬೆರಳು ತೋರಿಸಿದಳು. ತಾಯಿಯ ಬಾಯಲ್ಲಿ ಮಾಂಸದ ತುಂಡು, ಪಕ್ಕೆಗೆ ಅಂಟಿಕೊಂಡು ಮರಿ, ಇನ್ನೊಂದು ಬದಿಯಿಂದ ಅಣ್ಣ. ಬಿಗ್ಸ್ ಬಳಗ ಬೇಟೆಯನ್ನು ಹಂಚಿಕೊಂಡೇ ತಿನ್ನುತ್ತದೆ. ಅತ್ತೆ ಬಹಳ ಹೊತ್ತು ನೋಡಿ, "ಅದಕ್ಕೂ ಮಕ್ಕಳು ಮರಿ ಉಂಟಲ್ಲ" ಎಂದರು. ಸೀಲ್ ಕಡೆಗೂ ಓರ್ಕಾ ಕಡೆಗೂ ವಾಲದೆ ನೋಡುವುದನ್ನು ನನಗೆ ಕಲಿಸಿದ್ದು ಆ ಮಾತು.

ದೂರ ಯಾಕೆ ಬೇಕು ಎನ್ನುವುದಕ್ಕೆ ಕಾರಣ ನೀರಿನ ಒಳಗಿದೆ. ರೆಸಿಡೆಂಟ್‌ಗಳು ಕತ್ತಲ ನೀರಿನಲ್ಲಿ ಸಾಮನ್ ಹುಡುಕುವುದು ಕಣ್ಣಿನಿಂದಲ್ಲ, ತಾವೇ ಹೊರಡಿಸುವ ಟಿಕ್ ಟಿಕ್ ಸದ್ದಿನ ಮರುದನಿಯಿಂದ. ದೋಣಿಯ ಎಂಜಿನ್ ಸದ್ದು ಆ ಮರುದನಿಯನ್ನು ನುಂಗುತ್ತದೆ. ದೋಣಿಗಳು ಹತ್ತಿರ ಬಂದಾಗ ಹೆಣ್ಣು ಓರ್ಕಾಗಳು ಬೇಟೆಯನ್ನೇ ಕೈಬಿಡುವುದು ಹೆಚ್ಚು ಎಂದು ಅಧ್ಯಯನಗಳು ಹೇಳಿವೆ. ಮರಿಗೆ ಹಾಲೂಡಿಸುವವಳು ಉಪವಾಸ ಬಿದ್ದರೆ ಮರಿಯ ಗತಿ ಏನು? ಜೆ35 ಎಂಬ ತಾಯಿ 2018ರಲ್ಲಿ ಸತ್ತ ಮರಿಯನ್ನು 17 ದಿನ ಹೊತ್ತು ಈಜಿದ್ದನ್ನು ಲೋಕವೇ ನೋಡಿತು. 2025ರ ಆರಂಭದಲ್ಲಿ ಅವಳು ಇನ್ನೊಂದು ಸತ್ತ ಮರಿಯನ್ನು ಹೊತ್ತಳು. ಆ ಜನವರಿಯಿಂದ ವಾಷಿಂಗ್ಟನ್ ರಾಜ್ಯದಲ್ಲಿ ದೋಣಿಗಳು ರೆಸಿಡೆಂಟ್ ಓರ್ಕಾಗಳಿಂದ 1000 ಗಜ, ಅಂದರೆ ಸುಮಾರು 900 ಮೀಟರ್ ದೂರ ಇರಲೇಬೇಕು.

ಈ ಕುಲಕ್ಕೆ ಮನುಷ್ಯರು ಮಾಡಿದ ಅನ್ಯಾಯ ಹಳೆಯದು. 1970ರ ಆಗಸ್ಟ್‌ನಲ್ಲಿ ವಿಡ್ಬಿ ದ್ವೀಪದ ಪೆನ್ ಕೋವ್ ಕೊಲ್ಲಿಗೆ ಓರ್ಕಾ ಬಳಗಗಳನ್ನು ಅಟ್ಟಿ, ಬಲೆ ಕಟ್ಟಿ, ಮರಿಗಳನ್ನು ಪ್ರದರ್ಶನಕ್ಕೆಂದು ಹಿಡಿದು ಮಾರಿದರು. ಅವುಗಳಲ್ಲಿ ಒಂದಾದ ಟೋಕಿಟೇ 50 ವರ್ಷಕ್ಕೂ ಹೆಚ್ಚು ಕಾಲ ಮಯಾಮಿಯ ತೊಟ್ಟಿಯಲ್ಲಿದ್ದು 2023ರ ಆಗಸ್ಟ್‌ನಲ್ಲಿ ಅಲ್ಲೇ ಸತ್ತಿತು. ಅಷ್ಟು ಕಂಡ ಕುಲಕ್ಕೆ 900 ಮೀಟರ್ ನೆಮ್ಮದಿ ಕೊಡುವುದು ದೊಡ್ಡ ಮಾತಲ್ಲ.

ಹಾಗಾಗಿ ದೋಣಿ ಆರಿಸುವಾಗ ನಾನು ಕೇಳುವ ಪ್ರಶ್ನೆ ಬೇರೆ: ರೆಸಿಡೆಂಟ್‌ಗಳು ಎದುರಾದರೆ ಏನು ಮಾಡುತ್ತೀರಿ? "ದಾರಿ ಬದಲಿಸುತ್ತೇವೆ" ಎನ್ನುವವರ ದೋಣಿ ಹತ್ತುತ್ತೇನೆ. ಓರ್ಕಾ ಸಿಗದ ದಿನವೂ ಆ ಸಮುದ್ರ ಬರಿದಾಗಿರುವುದಿಲ್ಲ. ಬಂಡೆಯ ಮೇಲೆ ಗುರುಗುಟ್ಟುವ ಕಡಲ ಸಿಂಹಗಳು, ಬೋಳುಹದ್ದುಗಳು, ಒಂದು ಕಾಲದ ಬೇಟೆಯಿಂದ ಅಳಿದು ಈಗ ಮರಳಿ ಬಂದಿರುವ ಹಂಪ್‌ಬ್ಯಾಕ್ ತಿಮಿಂಗಿಲಗಳು. ರೆಸಿಡೆಂಟ್‌ಗಳನ್ನೇ ನೋಡಬೇಕೆಂದರೆ ಸ್ಯಾನ್ ವಾನ್ ದ್ವೀಪದ ಲೈಮ್ ಕಿಲ್ನ್ ಪಾರ್ಕಿಗೆ ಹೋಗಿ ದೀಪಸ್ತಂಭದ ಪಕ್ಕದ ಬಂಡೆಯ ಮೇಲೆ ಕೂರಬೇಕು. ಅದೃಷ್ಟವಿದ್ದರೆ ದಡಕ್ಕೆ ತೀರ ಹತ್ತಿರದಲ್ಲೇ ಹಾದುಹೋಗುತ್ತವೆ. ದಡದ ಮೇಲೆ ಕೂತವರಿಂದ ಅವಕ್ಕೆ ಯಾವ ತೊಂದರೆಯೂ ಇಲ್ಲ.

ಊರಿಗೆ ಬಂದಾಗ ಕಾರವಾರದ ದೇವಬಾಗ ಕಡೆ ಡಾಲ್ಫಿನ್ ನೋಡಲು ಹೋಗುವುದುಂಟು. ಕಾಳಿ ನದಿ ಕಡಲು ಸೇರುವ ಆ ನೀರಿನಲ್ಲಿ ಕಾಣುವ ಗೂನುಬೆನ್ನಿನ ಡಾಲ್ಫಿನ್‌ಗಳಿಗೆ ನಮ್ಮ 1972ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯ ರಕ್ಷಣೆ ಇದೆ, ಹುಲಿಗೆ ಇರುವಂತೆಯೇ. ಅವೂ ಸದ್ದಿನಿಂದಲೇ ಮೀನು ಹುಡುಕುವವು. ಆದರೂ ಒಂದು ರೆಕ್ಕೆ ಕಂಡರೆ ಸಾಕು, ದೋಣಿಗಳು ಸುತ್ತುವರಿದು ಬೆನ್ನಟ್ಟುವುದನ್ನು ನೋಡಿದ್ದೇನೆ. ದೋಣಿಯವರನ್ನು ದೂರಿ ಪ್ರಯೋಜನವಿಲ್ಲ. "ಇನ್ನೂ ಹತ್ತಿರ ಹೋಗಿ" ಎನ್ನುವವರು, ಕಾಣದಿದ್ದರೆ ದುಡ್ಡಿಗೆ ತಕರಾರು ತೆಗೆಯುವವರು ಪ್ರವಾಸಿಗಳಾದ ನಾವೇ. ಮುಂದಿನ ಸಲ ದೋಣಿ ಹತ್ತುವ ಮುಂಚೆ ಇಷ್ಟು ಹೇಳಿ ನೋಡಿ: "ಅಣ್ಣಾ, ಬೆನ್ನಟ್ಟೋದು ಬೇಡ. ದೂರದಲ್ಲೇ ಎಂಜಿನ್ ನಿಲ್ಲಿಸಿ. ಕಾಣದಿದ್ರೂ ದುಡ್ಡು ಪೂರ್ತಿ ಕೊಡ್ತೀವಿ."