ಗಾದಿ ಕುಸಿದರೆ ಮೊದಲು ಬರೆಯಿರಿ

ಭಾಲ್ಕಿ ಕಡೆಯ ರೈತರೊಬ್ಬರು ಬೀದರಿನ ನನ್ನ ಕಚೇರಿಗೆ ಬಂದು, ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿಟ್ಟಿದ್ದ ಒಂದು ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು. ಗಾದಿಯ ವಾರಂಟಿ ಕಾರ್ಡ್. ಹೊಳೆಯುವ ದಪ್ಪ ಕಾಗದ, ಮೇಲೆ ‘10 ವರ್ಷ’ ಎಂದು ದೊಡ್ಡ ಅಕ್ಷರ. ಒಳಗೆ ನಾಲ್ಕು ಗೆರೆ: ಕೊಂಡವರ ಹೆಸರು, ಕೊಂಡ ತಾರೀಖು, ಬಿಲ್ ನಂಬರು, ಅಂಗಡಿಯ ಸೀಲು. ನಾಲ್ಕೂ ಖಾಲಿ.

ಮಗಳ ಮದುವೆಗೆ ಮಂಚದ ಜೊತೆ ಕೊಟ್ಟ ಗಾದಿ ಅದು. ಇಪ್ಪತ್ತೆರಡು ಸಾವಿರ ರೂಪಾಯಿ. ಏಳೆಂಟು ತಿಂಗಳಲ್ಲಿ ನಡುವೆ ಗುಂಡಿ ಬಿತ್ತು. ಅಂಗಡಿಗೆ ಎಷ್ಟು ಸಲ ಹೋಗಿದ್ದಿರಿ ಎಂದು ಕೇಳಿದೆ. “ಹತ್ತ್ ಹನ್ನೆರಡ್ ಸಲ ಹೋಗೀನ್ರಿ ವಕೀಲ್ ಸಾಬ್. ಹೋದಾಗೆಲ್ಲ ಚಾ ಕುಡಸ್ಯಾರ. ಕಂಪನಿಯವ್ರಿಗಿ ಹೇಳೀವಿ, ಬರ್ತಾರ ಅಂತಾರ.” ಏನಾದರೂ ಬರೆದು ಕೊಟ್ಟಿದ್ದೀರಾ? ಇಲ್ಲ. ಮೊದಲ ಸಲ ಹೇಳಿದ್ದು ಯಾವಾಗ? ಬೆರಳು ಮಡಚಿ ಲೆಕ್ಕ ಹಾಕಿದರು. ಎರಡು ವರ್ಷ ನಾಲ್ಕು ತಿಂಗಳು.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 69ನೇ ಕಲಮಿನ ಪ್ರಕಾರ ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ತಡವಾದರೆ ತಕ್ಕ ಕಾರಣ ತೋರಿಸಿ ಕ್ಷಮೆ ಕೇಳಬಹುದು. ಆದರೆ ‘ಅಂಗಡಿಯವರು ಬರ್ತೀವಿ ಅಂದ್ರು’ ಎಂಬುದಕ್ಕೆ ಒಂದು ಚೀಟಿಯೂ ಇಲ್ಲದಿದ್ದರೆ ಆ ಕಾರಣವನ್ನು ತೋರಿಸುವುದಾದರೂ ಹೇಗೆ? ನಮ್ಮ ಜನ ಕಳೆದುಕೊಳ್ಳುವುದು ಇಲ್ಲಿಯೇ. ಕಾನೂನು ಅವರ ಪರವಾಗಿದೆ, ಶುಲ್ಕವಿಲ್ಲ, ಗ್ರಾಹಕ ಆಯೋಗ ಬೀದರಿನಲ್ಲೇ ಇದೆ. ಆದರೂ ಅವರ ದೂರು ಬಾಯಿಮಾತಾಗಿಯೇ ಉಳಿದು, ಅವಧಿ ಮುಗಿದುಹೋಗುತ್ತದೆ. ಅಂಗಡಿಯಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ ಇದೇ ಕಥೆ.

ಹಿಂದೆ ಹತ್ತಿ ಗಾದಿ ಗಂಟುಗಟ್ಟಿದರೆ ಪಿಂಜಾರರನ್ನು ಕರೆದು ಹತ್ತಿ ಹಿಂಜಿಸಿ ಮತ್ತೆ ಹೊಲಿಸುತ್ತಿದ್ದೆವು, ತಕರಾರು ಅಂಗಳದಲ್ಲೇ ತೀರುತ್ತಿತ್ತು. ಫೋಮ್ ಗಾದಿಗೆ ಆ ದಾರಿಯಿಲ್ಲ. ಅದು ಕುಸಿದರೆ ಬದಲಿ ಗಾದಿ ಬೇಕು, ಇಲ್ಲವೇ ದುಡ್ಡು ವಾಪಸು ಬರಬೇಕು.

ಹಾಗಾದರೆ ಎಲ್ಲಿ ಕೊಳ್ಳಬೇಕು? ಅಂಗಡಿಯಲ್ಲಿ ಮುಟ್ಟಿ ನೋಡಬಹುದು, ಐದು ನಿಮಿಷ ಮಲಗಿ ನೋಡಬಹುದು. ಏನಾದರೂ ಆದರೆ ಹಿಡಿದು ಕೇಳಲು ಒಬ್ಬ ಮನುಷ್ಯ ಇರುತ್ತಾನೆ. ಆನ್‌ಲೈನಿನಲ್ಲಿ ಅದಿಲ್ಲ. ಬದಲಿಗೆ ಬಿಲ್, ತಾರೀಖು, ಪಾವತಿಯ ದಾಖಲೆ ಕೇಳದೆಯೇ ಫೋನಿಗೆ ಬಂದು ಕೂರುತ್ತವೆ. ನನ್ನ ಸಲಹೆ ಇಷ್ಟು: ಪಕ್ಕಾ ಬಿಲ್ ಕೊಡುವ ಅಂಗಡಿ ಸಿಕ್ಕರೆ ಅಂಗಡಿಯಲ್ಲೇ ಕೊಳ್ಳಿ. “ಬಿಲ್ ಬೇಕಂದ್ರ ಜಿಎಸ್‌ಟಿ ಬ್ಯಾರೆ ಹತ್ತತದ” ಎನ್ನುವ ಅಂಗಡಿಯಾದರೆ ಎದ್ದು ಬನ್ನಿ, ಆನ್‌ಲೈನಿನಲ್ಲಿ ತರಿಸಿ. ಪ್ಯಾಕಿನ ಮೇಲೆ ಅಚ್ಚಾದ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ಜಿಎಸ್‌ಟಿ ಎಂದು ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಬಿಲ್ ಕೊಡದಿರುವುದೇ 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ‘ಎಸ್ಟಿಮೇಟ್’ ಎಂದು ಬರೆದ ಬಿಳಿ ಚೀಟಿಯನ್ನು ಬಿಲ್ ಎಂದು ಹಳ್ಳಿಯಿಂದ ಬಂದವರ ಕೈಗಿಡುವುದನ್ನು ಕಂಡಾಗೆಲ್ಲ ನನಗೆ ಸಿಟ್ಟು ಬರುತ್ತದೆ. ತೆರಿಗೆ ಉಳಿಸಿಕೊಂಡವನು ಅಂಗಡಿಯವನು, ಹಕ್ಕು ಕಳೆದುಕೊಂಡವರು ನೀವು.

ಬಿಳಿ ಚೀಟಿ ತಂದವರ ಕೇಸು ಸತ್ತೇಹೋಯಿತು ಎಂದಲ್ಲ. ಫೋನ್‌ಪೇ, ಗೂಗಲ್‌ಪೇಯಲ್ಲಿ ದುಡ್ಡು ಕಟ್ಟಿದ್ದರೆ ಬ್ಯಾಂಕಿನ ಸ್ಟೇಟ್‌ಮೆಂಟ್ ಸಾಕ್ಷಿಯಾಗುತ್ತದೆ. ನಗದು ಕೊಟ್ಟು, ಚೀಟಿಯನ್ನೂ ಪಡೆಯದವರನ್ನು ಪಾರುಮಾಡುವುದು ಬಹಳ ಕಷ್ಟ.

ಬಿಲ್ಲಿನ ಕೆಳಗೆ ‘ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ’ ಎಂಬ ಸಾಲು ಅಚ್ಚಾಗಿದೆ ಎಂದು ಹಿಂಜರಿಯಬೇಡಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸು ಪಡೆದು ಹಣ ಕೊಡಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಆದರೆ ದೋಷ ಬೇರೆ, ಮನಸ್ಸಿಗೆ ಬಾರದಿರುವುದು ಬೇರೆ. ಗಾದಿ ಗಟ್ಟಿಯಾಯಿತು, ಬಣ್ಣ ಸೇರಲಿಲ್ಲ ಎಂದರೆ ಅಂಗಡಿಯವರು ವಾಪಸು ಪಡೆಯಲೇಬೇಕೆಂಬ ಕಾನೂನಿಲ್ಲ. ಆನ್‌ಲೈನ್ ಕಂಪನಿಗಳು ಕೊಡುವ ‘100 ರಾತ್ರಿ ಮಲಗಿ ನೋಡಿ’ ಎಂಬ ಸವಲತ್ತು ಬೆಲೆಬಾಳುವುದು ಇಂಥ ಕಡೆ. ಆ ಮಾತು ಕೊಟ್ಟ ಮೇಲೆ ಅವರು ನಡೆಸಿಕೊಡಲೇಬೇಕು.

ಅಲ್ಲೂ ಒಂದು ಗುಂಡಿಯಿದೆ. ಔರಾದ ತಾಲ್ಲೂಕಿನ ಶಿಕ್ಷಕಿಯೊಬ್ಬರು ಟ್ರಯಲ್ ಅವಧಿಯಲ್ಲೇ ಗಾದಿ ಬೇಡವೆನಿಸಿ ಫೋನ್ ಮಾಡಿದರು. “ನಿಮ್ಮ ಪಿನ್‌ಕೋಡಿಗೆ ಪಿಕಪ್ ಇಲ್ಲ, ನೋಡಿ ಹೇಳುತ್ತೇವೆ” ಎಂದರು ಕಂಪನಿಯವರು. ಪ್ರತಿ ಸಲ ಬೇರೆ ದನಿ, ಅದೇ ಉತ್ತರ. 100 ದಿನ ದಾಟಿತು. ಆಮೇಲೆ ಬಂದ ಮೆಸೇಜ್: ಅವಧಿ ಮುಗಿದಿದೆ. ಅವರ ಪುಣ್ಯಕ್ಕೆ 40ನೇ ದಿನ ಒಂದು ಇಮೇಲ್ ಕಳಿಸಿದ್ದರು. ನಾಲ್ಕೇ ಸಾಲು, ವ್ಯಾಕರಣ ತಪ್ಪಿದ ಇಂಗ್ಲಿಷು. ನೋಟಿಸಿಗೆ ಆ ಇಮೇಲಿನ ಪ್ರತಿ ಲಗತ್ತಿಸಿ ಕಳಿಸಿದ ಮೇಲೆ ಹಣ ವಾಪಸು ಬಂತು. ಆರ್ಡರ್ ಮಾಡುವ ಮುಂಚೆಯೇ ನಿಮ್ಮೂರಿಗೆ ಪಿಕಪ್ ಇದೆಯೇ ಎಂದು ಬರಹದಲ್ಲಿ ಕೇಳಿ, ಬಂದ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇ-ಕಾಮರ್ಸ್ ನಿಯಮಗಳು, 2020 ಗ್ರಾಹಕರಿಗೆ ದೊಡ್ಡ ಆಸರೆ. ಪ್ರತಿ ಆನ್‌ಲೈನ್ ಕಂಪನಿಗೂ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು, ಅವರ ಹೆಸರು ಮತ್ತು ಸಂಪರ್ಕ ವಿವರ ವೆಬ್‌ಸೈಟಿನಲ್ಲಿ ಕಾಣಬೇಕು. ಆ ಅಧಿಕಾರಿ 48 ಗಂಟೆಯೊಳಗೆ ದೂರಿಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಗಾದಿಯಲ್ಲಿ ದೋಷವಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇರದಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ತಲುಪಿದ್ದರೆ ಮಾರಾಟಗಾರ ವಾಪಸು ಪಡೆಯಲು ನಿರಾಕರಿಸುವಂತಿಲ್ಲ. ಪ್ರವಾಹ, ಬಂದ್‌ನಂತಹ ಕೈಮೀರಿದ ಕಾರಣಕ್ಕೆ ತಡವಾಗಿದ್ದರೆ ಮಾತು ಬೇರೆ. ಕಾಲ್‌ಸೆಂಟರಿಗೆ ಇಪ್ಪತ್ತು ಸಲ ಫೋನ್ ಮಾಡುವ ಬದಲು ಈ ಅಧಿಕಾರಿಗೆ ಒಂದೇ ಒಂದು ಇಮೇಲ್ ಕಳಿಸಿ.

ಅವರ ನಂಬರನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಬೇಡಿ. ‘ಗಾದಿ ರಿಫಂಡ್’ ಎಂದು ಹುಡುಕಿ, ಸಿಕ್ಕ ನಂಬರಿಗೆ ಫೋನ್ ಮಾಡಿ, ಅತ್ತ ಕಡೆಯ ವಂಚಕ ಹೇಳಿದ ಆ್ಯಪ್ ಹಾಕಿಕೊಂಡು ಖಾತೆಯನ್ನೇ ಬರಿದು ಮಾಡಿಕೊಂಡವರು ನನ್ನಲ್ಲಿಗೆ ಬಂದಿದ್ದಾರೆ. ಹಾಗಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಂಪನಿಯ ನಂಬರನ್ನು ಬಿಲ್ಲಿನಿಂದಲೋ ಅದರದೇ ಆ್ಯಪಿನಿಂದಲೋ ಮಾತ್ರ ತೆಗೆದುಕೊಳ್ಳಿ.

ಗಾದಿ ಮನೆಗೆ ಬಂದ ದಿನದ ಮಾತು. ಸುರುಳಿ ಬಿಚ್ಚುವಾಗ ಮನೆಯವರೊಬ್ಬರು ವಿಡಿಯೊ ಮಾಡಲಿ. ಪ್ಯಾಕಿನ ಮೇಲಿನ ಲೇಬಲ್, ಅಳತೆ, ತಯಾರಾದ ತಿಂಗಳು ಕಾಣಲಿ. ಬಿಚ್ಚಿದ ಮೇಲೆ ಅದನ್ನು ಮತ್ತೆ ಸುರುಳಿ ಸುತ್ತಲು ಮನೆಯಲ್ಲಿ ಆಗದು, ಆದ್ದರಿಂದ ಅಳತೆಯನ್ನು ಬಿಚ್ಚುವ ಮೊದಲೇ ನೋಡಿ. ನಮ್ಮ ಕಡೆ ಬಡಗಿಯಿಂದ ಮಾಡಿಸಿದ ಮಂಚಗಳು ಕಂಪನಿಯ ಅಳತೆಗೆ ಕೂಡುವುದಿಲ್ಲ. ಹೇಳಿ ಮಾಡಿಸಿದ ಅಳತೆಯ ಗಾದಿಗೆ ಟ್ರಯಲ್ ಇಲ್ಲ ಎಂದು ಬಹಳಷ್ಟು ಕಂಪನಿಗಳ ಷರತ್ತೇ ಇರುತ್ತದೆ. ಅಳತೆ ಕೊಟ್ಟವರು ನೀವೇ ಆದರೆ ತಪ್ಪು ಅಳತೆಯ ಹೊಣೆಯೂ ನಿಮ್ಮದೇ. ದೋಷವಿದ್ದರೆ ಮಾತ್ರ ಆ ಷರತ್ತು ಅವರನ್ನು ಕಾಯುವುದಿಲ್ಲ.

ಗುಂಡಿ ಬಿದ್ದರೆ ಗಾದಿಯ ಈ ಅಂಚಿನಿಂದ ಆ ಅಂಚಿಗೆ ಒಂದು ದಾರ ಬಿಗಿಯಾಗಿ ಹಿಡಿಸಿ, ದಾರದಿಂದ ಗುಂಡಿಯ ತಳಕ್ಕೆ ಶಾಲೆಯ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಎಷ್ಟು ಕುಸಿದರೆ ವಾರಂಟಿ ಅನ್ವಯಿಸುತ್ತದೆ ಎಂಬ ಅಳತೆ ಕಾರ್ಡಿನ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಕಲೆ ಬಿದ್ದರೆ, ಮಂಚದ ಪಟ್ಟಿಗಳ ನಡುವೆ ಅಂತರ ಹೆಚ್ಚಿದ್ದರೆ ವಾರಂಟಿ ಇಲ್ಲ ಎಂಬ ಸಾಲುಗಳೂ ಅಲ್ಲೇ ಇರುತ್ತವೆ. ಕೊಳ್ಳುವ ದಿನವೇ ಮಗನಿಂದಲೋ ಮಗಳಿಂದಲೋ ಅದನ್ನು ಓದಿಸಿ ಕೇಳಿ.

ಬೇಸತ್ತು ಗಾದಿಯನ್ನು ಯಾರಿಗಾದರೂ ಕೊಟ್ಟುಬಿಡಬೇಡಿ, ದನದ ಕೊಟ್ಟಿಗೆಗೆ ಎಸೆಯಬೇಡಿ. ದೋಷ ಕಣ್ಣಿಗೆ ಕಾಣದಿದ್ದರೆ ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಪರೀಕ್ಷೆಯ ಶುಲ್ಕವನ್ನು ನೀವೇ ಮೊದಲು ಕಟ್ಟಬೇಕಾಗಬಹುದು. ‘ಚೆಕ್ ಮಾಡಿ ತರ್ತೀವಿ’ ಎಂದು ಟೆಂಪೊ ತಂದವರಿಗೆ ರಸೀದಿ ಇಲ್ಲದೆ ಗಾದಿ ಒಪ್ಪಿಸಲೂಬೇಡಿ. ಗಾದಿಯೂ ಹೋಗಿ, ಸಾಕ್ಷಿಯೂ ಹೋದ ಕೇಸುಗಳನ್ನು ಹಿಡಿದು ನಾನು ಹೆಣಗಿದ್ದೇನೆ. ಕಂತಿನಲ್ಲಿ ಕೊಂಡಿದ್ದರೆ ಸಿಟ್ಟಿನಿಂದ ಕಂತು ನಿಲ್ಲಿಸಬೇಡಿ. ಸಾಲ ಕೊಟ್ಟ ಕಂಪನಿ ನಿಮ್ಮನ್ನು ಸುಸ್ತಿದಾರರ ಪಟ್ಟಿಗೆ ಸೇರಿಸುತ್ತದೆ, ನಾಳೆ ಬೆಳೆಸಾಲಕ್ಕೆ ತೊಡಕಾಗುತ್ತದೆ.

ಇನ್ನು ಬರೆಯುವುದು. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ: ಇಂಥ ತಾರೀಖು, ಇಂಥ ಬಿಲ್, ಇಷ್ಟು ರೂಪಾಯಿಗೆ ಕೊಂಡೆ, ಇಂಥ ತಿಂಗಳಲ್ಲಿ ಹೀಗೆ ಕೆಟ್ಟಿತು, ಇಂಥ ದಿನಗಳಲ್ಲಿ ಬಂದು ಹೇಳಿದೆ, 15 ದಿನದಲ್ಲಿ ಬದಲಿ ಗಾದಿ ಕೊಡಿ, ಇಲ್ಲವೇ ಹಣ ಕೊಡಿ. ಅಂಗಡಿಗೂ ಕಂಪನಿಗೂ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್ ಮಾಡಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ. ಅಂಚೆಗೆ ಹೋಗಲು ಆಗದ ದಿನ, ಅಂಗಡಿಯಿಂದ ಹೊರಗೆ ಬಂದ ಕೂಡಲೇ ಅಂಗಡಿಯವರ ವಾಟ್ಸಾಪಿಗೆ ಒಂದು ಸಾಲು ಹಾಕಿ: “ಇವತ್ತು ಬಂದು ಗಾದಿ ಕುಸಿದದ್ದು ಹೇಳಿದೆ, ಎಂಟು ದಿನದಲ್ಲಿ ನೋಡುತ್ತೇವೆ ಎಂದಿರಿ.” ಅವರು ಉತ್ತರಿಸದಿದ್ದರೂ ತಾರೀಖು ಉಳಿಯುತ್ತದೆ. ಫೋನ್ ಬದಲಿಸುವ ಮುನ್ನ ಈ ಮೆಸೇಜುಗಳನ್ನು ತೆಗೆದಿಟ್ಟುಕೊಳ್ಳಿ. ಪತ್ರ ಬರೆದ ಮಾತ್ರಕ್ಕೆ 2 ವರ್ಷದ ಗಡುವು ಮುಂದಕ್ಕೆ ಹೋಗುವುದಿಲ್ಲ ಎಂಬುದೂ ನೆನಪಿರಲಿ. 15 ದಿನ ಕಾದು, ಮುಂದಿನ ಹೆಜ್ಜೆ ಇಡಬೇಕು.

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ನೋಂದಾಯಿಸಿ. ಅನೇಕ ತಕರಾರುಗಳು ಅಲ್ಲೇ ತೀರುತ್ತವೆ. ಆದರೆ ಅದು ಕೋರ್ಟಲ್ಲ, ಕಂಪನಿ ಒಪ್ಪದಿದ್ದರೆ ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ಅಲ್ಲಿ ದೂರು ಕೊಟ್ಟಿದ್ದೇನೆಂದು ನಿಶ್ಚಿಂತೆಯಿಂದ ಕುಳಿತರೆ ಗಡುವು ಕಳೆಯುತ್ತದೆ.

ಆಮೇಲಿನದು ಬೀದರ್ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ನಮ್ಮವರಲ್ಲಿ ಬೇರೂರಿದ ಒಂದು ತಪ್ಪು ತಿಳಿವಳಿಕೆಯಿದೆ: ಕಂಪನಿ ಬೆಂಗಳೂರಿನದು, ಕೇಸ್ ಅಲ್ಲೇ ಹಾಕಬೇಕು ಎಂದು. ಮಧ್ಯವರ್ತಿಗಳು ಹೀಗೆ ಹೆದರಿಸಿಯೇ ‘ನಾನು ಸೆಟಲ್ ಮಾಡಿಸ್ತೀನಿ’ ಎಂದು ಎರಡು ಸಾವಿರ ಕೀಳುತ್ತಾರೆ. ಬೆಂಗಳೂರಿಗೇ ಹೋಗಬೇಕೆಂಬುದು ಸುಳ್ಳು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಔರಾದಿನವರು ಉದಗೀರಿಗೆ ಹೋಗಿ ಕೊಂಡಿರಲಿ, ಬೀದರಿನವರು ಹೈದರಾಬಾದಿನಿಂದ ತಂದಿರಲಿ, ದೂರು ಬೀದರಿನಲ್ಲೇ ನಡೆಯುತ್ತದೆ. ಷರತ್ತುಗಳಲ್ಲಿ ‘ಮಧ್ಯಸ್ಥಿಕೆಗೇ ಹೋಗಬೇಕು’ ಎಂದು ಬರೆದಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಇದನ್ನು ಸ್ಪಷ್ಟಪಡಿಸಿದೆ.

ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ವಕೀಲರೂ ಕಡ್ಡಾಯವಲ್ಲ, ಸ್ವತಃ ವಾದಿಸಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ತಕ್ಕ ಕಾರಣ ಹೇಳಿ ವಿಡಿಯೊ ಕಾನ್ಫರೆನ್ಸ್ ವಿಚಾರಣೆ ಕೇಳಬಹುದು. ಅಂಗಡಿ, ತಯಾರಿಸಿದ ಕಂಪನಿ, ಆನ್‌ಲೈನ್ ತಾಣ ಎಲ್ಲರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಉಳಿದವರು ತಪ್ಪನ್ನು ಅವರ ತಲೆಗೆ ಕಟ್ಟುತ್ತಾರೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು, ನಂಬರು 15100. ಕಿಟಕಿಯ ಹಿಂದಿನ ಗುಮಾಸ್ತರು ‘ಇದು ಇಲ್ಲಿ ಬರಲ್ಲ, ನಾಳೆ ಬಾ’ ಎಂದರೆ ಅದನ್ನೇ ಬರೆದು ಕೊಡಿ ಎಂದು ಕೇಳಿ. ಬಸ್ಸಿನ ದುಡ್ಡು, ಒಂದು ದಿನದ ಕೂಲಿ ಬಿಟ್ಟು ಬಂದವರನ್ನು ಹಾಗೆ ವಾಪಸು ಅಟ್ಟುವ ಹಕ್ಕು ಯಾವ ಕಚೇರಿಗೂ ಇಲ್ಲ.

ಪರೀಕ್ಷೆ ಬೇಡದ ಕೇಸು 3 ತಿಂಗಳಲ್ಲಿ, ಬೇಕಾದದ್ದು 5 ತಿಂಗಳಲ್ಲಿ ಮುಗಿಯಬೇಕು ಎಂದು ಕಾಯ್ದೆ ಹೇಳುತ್ತದೆ. ಅಷ್ಟರಲ್ಲಿ ಮುಗಿಯುತ್ತದೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಆದೇಶ ಬಂದ ಮೇಲೂ ಕಂಪನಿ ಹಣ ಕೊಡದಿದ್ದರೆ ಒಂದು ತಿಂಗಳಿಂದ 3 ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 25 ಸಾವಿರ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಬಿಲ್ ಯಾರ ಹೆಸರಿನಲ್ಲಿದೆ ಎಂಬ ತಕರಾರು ಬಹಳ ಬರುತ್ತದೆ. ಪುಣೆಯಲ್ಲಿರುವ ಮಗನ ಖಾತೆಯಿಂದ ಆರ್ಡರ್ ಆಗಿರುತ್ತದೆ, ಮಲಗುವವರು ಔರಾದಿನ ಹಳ್ಳಿಯ ತಾಯಿ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ, ಆ ತಾಯಿ ದೂರು ಕೊಡಬಹುದು. ತಪ್ಪುವುದು ಬೇರೆ ಕಡೆ: ತೆರಿಗೆ ಉಳಿಯುತ್ತದೆಂದು ಪರಿಚಯದವರ ಅಂಗಡಿಯ ಜಿಎಸ್‌ಟಿ ನಂಬರು ಹಾಕಿ ಬಿಲ್ ಮಾಡಿಸುತ್ತಾರೆ. ಇದು ವ್ಯಾಪಾರಕ್ಕೆ ಕೊಂಡದ್ದು, ಇವರು ಗ್ರಾಹಕರೇ ಅಲ್ಲ ಎಂದು ಕಂಪನಿಯ ವಕೀಲರು ಮೊದಲ ದಿನವೇ ವಾದ ಹೂಡುತ್ತಾರೆ.

ಭಾಲ್ಕಿಯ ಆ ರೈತರ ಪರವಾಗಿ ತಡ ಮನ್ನಿಸಲು ಅರ್ಜಿ ಹಾಕಿ ನೋಡಿದೆವು. ತೋರಿಸಲು ಕಾಗದವಿರಲಿಲ್ಲ, ಅರ್ಜಿ ವಜಾ ಆಯಿತು. ನಿಮ್ಮ ಮನೆಯಲ್ಲೂ ಒಂದು ವಾರಂಟಿ ಕಾರ್ಡ್ ಇದ್ದೇ ಇರುತ್ತದೆ, ಗಾದಿಯದೋ ಫ್ರಿಜ್ಜಿನದೋ ಪಂಪ್‌ಸೆಟ್ಟಿನದೋ. ಇವತ್ತೇ ತೆಗೆದು ನೋಡಿ. ತಾರೀಖು, ಸೀಲು ಇಲ್ಲದಿದ್ದರೆ ಬಿಲ್ ಹಿಡಿದು ನಾಳೆಯೇ ಅಂಗಡಿಗೆ ಹೋಗಿ ಹಾಕಿಸಿಕೊಳ್ಳಿ.