ದೂರದ ಯಂತ್ರದ ಪರದೆ

ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದ ಬಲದಿಂದ ಮತ್ತೊಂದು ಕಂಪ್ಯೂಟರನ್ನು ನಿರ್ಮಿಸಿ ನಡೆಸಬಹುದು. ಇದಕ್ಕೆ ವರ್ಚುವಲ್ ಮೆಷೀನ್ ಎಂದು ಹೆಸರು. ಇಲ್ಲಿ ಇದನ್ನು ಕಲ್ಪಿತಯಂತ್ರವೆಂದು ಕರೆಯೋಣ. ಐ.ಬಿ.ಎಂ. ಸಂಸ್ಥೆಯು 1972ರಲ್ಲಿಯೇ ತನ್ನ ದೊಡ್ಡ ಗಣಕಗಳಿಗಾಗಿ ವಿ.ಎಂ./370 ಎಂಬ ಇಂತಹ ವ್ಯವಸ್ಥೆಯನ್ನು ಪ್ರಕಟಿಸಿತ್ತು. ಇಂದು ಎಲ್ಲಿಯೋ ದೂರದಲ್ಲಿ ನಡೆಯುತ್ತಿರುವ ಕಲ್ಪಿತಯಂತ್ರವನ್ನು ವಿದ್ಯಾರ್ಥಿಯು ತನ್ನ ಮನೆಯಲ್ಲಿ ಕುಳಿತೇ ಬಳಸಬಲ್ಲನು. ಆದರೆ ಕೆಲಸದ ನಡುವೆ ಪರದೆಯ ಚಿತ್ರವು ಒಮ್ಮೊಮ್ಮೆ ಸ್ತಬ್ಧವಾಗುವುದುಂಟು. ಯಂತ್ರವೇ ಕೆಟ್ಟಿತೆಂದು ಬಗೆದು ಅದನ್ನು ಬಲವಂತವಾಗಿ ನಿಲ್ಲಿಸಿ, ಬರೆದುದನ್ನೆಲ್ಲ ಕಳೆದುಕೊಳ್ಳುವವರೂ ಉಂಟು. ಹೀಗೇಕೆ ಆಗುತ್ತದೆಂಬುದನ್ನು ವಿಚಾರಿಸೋಣ.

ಕಲ್ಪಿತಯಂತ್ರಕ್ಕೆ ಗಾಜಿನ ಪರದೆಯಿಲ್ಲ. ಅದರ ಚಿತ್ರವು ಆತಿಥೇಯ ಗಣಕದ ಸ್ಮೃತಿಯ ಒಂದು ಭಾಗದಲ್ಲಿ ಅಂಕಿಗಳ ರೂಪದಲ್ಲಿರುತ್ತದೆ. ಅಡ್ಡ 1920, ಉದ್ದ 1080 ಬಿಂದುಗಳ ಪರದೆಯಲ್ಲಿ ಒಟ್ಟು 20,73,600 ಬಿಂದುಗಳು. ಬಿಂದುವೊಂದಕ್ಕೆ 4 ಬೈಟಿನಂತೆ ಒಂದು ಚಿತ್ರಕ್ಕೆ 82,94,400 ಬೈಟು. ಸೆಕೆಂಡಿಗೆ 60 ಚಿತ್ರಗಳನ್ನು ಹಾಗೆಯೇ ಕಳುಹಿಸುವುದಾದರೆ ಸುಮಾರು 50 ಕೋಟಿ ಬೈಟುಗಳಾದುವು. ಸೆಕೆಂಡಿಗೆ 100 ಮೆಗಾಬಿಟ್ ವೇಗದ ತಂತಿಯು ಸಾಗಿಸಬಲ್ಲದ್ದು 1.25 ಕೋಟಿ ಬೈಟು ಮಾತ್ರ. ಬೇಕಾದುದು ಅದರ ನಲವತ್ತು ಪಾಲು! ಆದುದರಿಂದ ಇಡೀ ಚಿತ್ರವನ್ನು ಮತ್ತೆ ಮತ್ತೆ ಕಳುಹಿಸುವ ಮಾತೇ ಇಲ್ಲ.

ಇದಕ್ಕೊಂದು ಸರಳವಾದ ಉಪಾಯವನ್ನು ಇಂಗ್ಲೆಂಡಿನ ಕೇಂಬ್ರಿಜ್ ನಗರದ ಒಲಿವೆಟ್ಟಿ ಸಂಶೋಧನಾಲಯದವರು ಕಂಡುಕೊಂಡರು. ಅದುವೇ ವಿ.ಎನ್.ಸಿ. ಎಂದು ಪ್ರಸಿದ್ಧವಾಯಿತು. ಅದರ ನಿಯಮಗಳು 2011ರಲ್ಲಿ ಆರ್.ಎಫ್.ಸಿ. 6143 ಎಂಬ ದಾಖಲೆಯಾಗಿ ಪ್ರಕಟವಾದುವು. ಅದರ ಕ್ರಮ ಹೀಗಿದೆ: ನೋಡುವವನ ಕಂಪ್ಯೂಟರು ಮೊದಲು ಕೇಳುತ್ತದೆ, ಕೇಳಿದ ಮೇಲೆಯೇ ದೂರದ ಕಡೆಯಿಂದ ಉತ್ತರ ಬರುತ್ತದೆ. ಮೊದಲ ಸಲ ಇಡೀ ಚಿತ್ರವನ್ನೂ, ಅನಂತರ ಬದಲಾದ ಆಯತಗಳನ್ನು ಮಾತ್ರವೂ ಕೇಳಲಾಗುತ್ತದೆ. ಕಿಟಕಿಯೊಂದು ಪಕ್ಕಕ್ಕೆ ಸರಿದರೆ, 'ಅಲ್ಲಿದ್ದುದನ್ನು ಇಲ್ಲಿಗೆ ನಕಲು ಮಾಡು' ಎಂಬ ಚಿಕ್ಕ ಸೂಚನೆಯೇ ಸಾಕು. ಏನೂ ಬದಲಾಗದಿದ್ದರೆ ಉತ್ತರವು ತಡೆದು ನಿಲ್ಲುತ್ತದೆ. ತಂತಿಯು ನಿಧಾನವಾಗಿದ್ದರೆ ಕೇಳಿಕೆಗಳೂ ವಿರಳವಾಗುತ್ತವೆ. ನಡುವಣ ಚಿತ್ರಗಳು ಬಿಟ್ಟುಹೋಗಿ, ಕೊನೆಯ ಸ್ಥಿತಿಯು ಮಾತ್ರ ಬಂದು ಸೇರುತ್ತದೆ. ಚಲಚ್ಚಿತ್ರವು ತಡೆತಡೆದು ಕಾಣುವುದಕ್ಕೆ ಇದೇ ಕಾರಣ.

ಕಲ್ಪಿತಯಂತ್ರಗಳನ್ನು ನಡೆಸುವ ಕ್ಯೂಎಮು ಎಂಬ ತಂತ್ರಾಂಶವನ್ನು ನಿದರ್ಶನಕ್ಕೆ ತೆಗೆದುಕೊಳ್ಳೋಣ. ಚಿತ್ರವು ಬದಲಾಗುತ್ತಿರುವಾಗ ಅದು ಸುಮಾರು 30 ಮಿಲಿಸೆಕೆಂಡಿಗೊಮ್ಮೆ ಸ್ಮೃತಿಯನ್ನು ಪರೀಕ್ಷಿಸುತ್ತದೆ. ಬದಲಾವಣೆಯಿಲ್ಲದಿದ್ದರೆ ಈ ಅಂತರವನ್ನು ಮೆಲ್ಲಮೆಲ್ಲನೆ 3 ಸೆಕೆಂಡಿನವರೆಗೆ ಹೆಚ್ಚಿಸಿ ಶ್ರಮವನ್ನು ಉಳಿಸುತ್ತದೆ. ನಾವು ಕೀಲಿಯನ್ನು ಒತ್ತಿದೊಡನೆ ಮತ್ತೆ ಮೊದಲಿನಂತೆ ಚುರುಕಾಗುತ್ತದೆ. ಆದಕಾರಣ ಬಹಳ ಹೊತ್ತು ಸುಮ್ಮನಿದ್ದ ಪರದೆಯ ಮೇಲೆ ಹೊಸ ಸಾಲೊಂದು ತುಸು ತಡವಾಗಿ ಮೂಡಿದರೆ ಅದು ದೋಷವಲ್ಲ, ಮಿತವ್ಯಯ.

ಇದರಿಂದ ನಾವು ತಿಳಿಯಬೇಕಾದುದಿಷ್ಟೆ: ನಮ್ಮ ಮುಂದಿನ ಚಿತ್ರವು ದೂರದ ಯಂತ್ರದಿಂದ ಬಂದ ವರದಿಯೇ ಹೊರತು ಯಂತ್ರವೇ ಅಲ್ಲ. ಓಲೆ ತಡವಾಯಿತೆಂದ ಮಾತ್ರಕ್ಕೆ ಬರೆದವರಿಗೆ ಕೇಡಾಯಿತೆಂದು ತಿಳಿಯಬಹುದೇ?

ಆದುದರಿಂದ ವಿದ್ಯಾರ್ಥಿಗಳು ಈ ಮೂರು ಮಾತುಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದು, ಚಿತ್ರವು ನಿಂತಾಗ ಕೀಲಿಗಳನ್ನು ಪದೇ ಪದೇ ಒತ್ತಬಾರದು. ಸಂಪರ್ಕವು ಕಡಿಯದಿದ್ದರೆ ಒತ್ತಿದ ಪ್ರತಿಯೊಂದು ಕೀಲಿಯೂ ಕ್ರಮವಾಗಿ ಆಚೆಗೆ ತಲಪುತ್ತದೆ. 'ಅಳಿಸು' ಎಂದು ಐದು ಸಲ ಒತ್ತಿದರೆ ಐದು ಸಲವೂ ಅಳಿಸುತ್ತದೆ. ಎರಡನೆಯದು, ಹಳೆಯ ಚಿತ್ರದ ತುಣುಕುಗಳು ಪರದೆಯಲ್ಲಿ ಉಳಿದುಕೊಂಡರೆ ಇಡೀ ಚಿತ್ರವನ್ನು ಹೊಸದಾಗಿ ಕೇಳಬೇಕು. ಅನೇಕ ವೀಕ್ಷಕ ತಂತ್ರಾಂಶಗಳಲ್ಲಿ ಇದಕ್ಕೆ 'ರಿಫ್ರೆಶ್' ಎಂಬ ಆಜ್ಞೆಯಿದೆ. ಮೂರನೆಯದು, ಅದರಿಂದಲೂ ಸರಿಹೋಗದಿದ್ದರೆ ವೀಕ್ಷಕ ತಂತ್ರಾಂಶವನ್ನು ಮುಚ್ಚಿ ಮರಳಿ ತೆರೆಯಬೇಕು. ಸಾಮಾನ್ಯವಾಗಿ ಇದರಿಂದ ದೂರದ ಯಂತ್ರವು ನಿಲ್ಲುವುದಿಲ್ಲ. ಮರಳಿ ಸೇರಿದಾಗ ಪೂರ್ಣ ಚಿತ್ರವು ದೊರೆಯುತ್ತದೆ. ಯಂತ್ರವನ್ನೇ ಬಲವಂತವಾಗಿ ನಿಲ್ಲಿಸುವುದು ಕಟ್ಟಕಡೆಯ ಉಪಾಯವೆಂದು ತಿಳಿಯತಕ್ಕದ್ದು.

ಪೋಷಕರಲ್ಲಿಯೂ ನಮ್ಮದೊಂದು ವಿಜ್ಞಾಪನೆಯಿದೆ. ಮಗುವು ಸ್ತಬ್ಧವಾದ ಪರದೆಯ ಮುಂದೆ ಸುಮ್ಮನೆ ಕುಳಿತಿದ್ದರೆ ಸೋಮಾರಿತನವೆಂದು ಗದರದಿರಿ. ಉತ್ತರವು ಬರುವ ತನಕ ಕಾಯುವುದೂ ಈ ವಿದ್ಯೆಯ ಒಂದು ಪಾಠವೇ ಆಗಿದೆ.