ಸಣ್ಣ ದೋಣಿಯಲ್ಲಿ ಕೃಷ್ಣೆಯ ಪಯಣ

ಹೈದರಾಬಾದಿನವರಿಗೆ ದೀರ್ಘ ದೋಣಿಯಾನದ ಹತ್ತಿರದ ಹಾದಿ ನಗರದ ಮೂಸಿ ನದಿಯಲ್ಲ, ಕೃಷ್ಣೆ. ನಗರದಿಂದ ಸುಮಾರು 150 ಕಿ.ಮೀ. ದೂರದ ನಾಗಾರ್ಜುನಸಾಗರದಿಂದ ಶ್ರೀಶೈಲದ ಕಡೆಗೆ ಹಿನ್ನೀರಿನ ಹಾದಿ ಸುಮಾರು 110 ಕಿ.ಮೀ. ಇದೆ.

ಮೊದಲ ಪ್ರಶ್ನೆ ಕಾಲದ್ದು. ಪ್ರವಾಹ ಇಳಿದು ಜಲಾಶಯ ತುಂಬಿರುವ ನವೆಂಬರ್–ಜನವರಿ ಸೂಕ್ತ. ಬೇಸಿಗೆಯಲ್ಲಿ ನೀರಿಳಿದು ಬಂಡೆಗಳು ಮೇಲೇಳುತ್ತವೆ. ನೆರೆಯ ಕಾಲವೂ ಅಪಾಯಕಾರಿ: 2019ರ ಸೆಪ್ಟೆಂಬರ್ 15ರಂದು ಗೋದಾವರಿಯ ಕಚ್ಚುಲೂರು ಬಳಿ ಪ್ರವಾಸಿ ದೋಣಿ ಮುಳುಗಿದ್ದು ನೆರೆ ನೀರಿನಲ್ಲೇ.

ಎರಡನೆಯದು ಅನುಮತಿ. ದಂಡೆಯ ಬಹುಭಾಗ ಹುಲಿ ಸಂರಕ್ಷಿತಾರಣ್ಯ. ನೀರಾವರಿ, ಅರಣ್ಯ ಇಲಾಖೆಗಳ ಲಿಖಿತ ಒಪ್ಪಿಗೆಯಿಲ್ಲದೆ ಹೊರಡಬಾರದು, ದಡದಲ್ಲಿ ತಂಗಬಾರದು. ಮೋಟಾರು ದೋಣಿಗೆ 2021ರ ಒಳನಾಡು ಹಡಗು ಕಾಯ್ದೆಯಡಿ ನೋಂದಣಿ ಬೇಕು.

ಮೂರನೆಯದು ಇಂಧನ: ಹೋಗಲು ಒಂದು ಪಾಲು, ಬರಲು ಒಂದು ಪಾಲು, ಆಪತ್ತಿಗೆ ಇನ್ನೊಂದು ಪಾಲು. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ; ಮರಳುವ ಹೊತ್ತನ್ನು ದಡದವರಿಗೆ ತಿಳಿಸಿರಬೇಕು. ಲೈಫ್ ಜಾಕೆಟ್ ಮೈಮೇಲೇ ಇರಬೇಕು.

ಶ್ರೀಶೈಲ ಅಣೆಕಟ್ಟಿನಲ್ಲಿ ವಿದ್ಯುತ್ ಉತ್ಪಾದನೆ ಶುರುವಾದರೆ ನೀರಿನ ಸೆಳೆತ ದಿಢೀರನೆ ಹೆಚ್ಚುತ್ತದೆ. ಅಣೆಕಟ್ಟಿನ ಸಮೀಪ ಹೋಗಬಾರದು. ಹೊಸಬರು ಮೊದಲು ನಗರದ ಹುಸೇನ್ ಸಾಗರ ಕೆರೆಯಲ್ಲಿ ಕೈ ಪಳಗಿಸಿಕೊಳ್ಳುವುದು ಒಳಿತು.